ಎಂಟು ಗಂಟೆಯ ರಕ್ತ

ಒಬ್ಬೊಬ್ಬ ಹೆಂಗಸಿನಿಂದ ಒಂದೇ ದಿನದಲ್ಲಿ ನಾಲ್ಕು ಸಲ ರಕ್ತ ತೆಗೆಯಬೇಕಿತ್ತು: ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ. ಹತ್ತು ನಿಮಿಷ ಆಚೀಚೆಯಾದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಆ ದಿನವನ್ನೇ ಬಿಟ್ಟುಬಿಡಿ ಎಂದು ಈ ಅಧ್ಯಯನ ನಡೆಸುತ್ತಿದ್ದ ಮಂಡ್ಯದ ಡಾಕ್ಟರು ಹೇಳಿದ್ದರು. ಊರು ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಕೈ ಚಾಚಲು ಒಪ್ಪಿದವರೆಲ್ಲ ಮನೆಯಲ್ಲಿ ಎರಡು ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು.

ಡಾಕ್ಟರಿಗೆ ಬೇಕಾಗಿದ್ದುದು ದೇಹದೊಳಗಿನ ಹೊತ್ತಿನ ಲೆಕ್ಕ. ನಮ್ಮನ್ನು ಎಚ್ಚರಗೊಳಿಸುವ ಕಾರ್ಟಿಸಾಲ್ ಎಂಬ ರಸ ಬೆಳಗಿನ ಜಾವ ಏರುತ್ತದೆ, ಹೊತ್ತು ಇಳಿದಂತೆ ಅದೂ ಇಳಿಯುತ್ತದೆ. ಬೆಳಿಗ್ಗೆ ತಿಂದ ಮುದ್ದೆಯ ಸಕ್ಕರೆಯನ್ನು ದೇಹ ಬೇಗ ಬಳಸಿಕೊಳ್ಳುತ್ತದೆ. ಅದೇ ಮುದ್ದೆಯನ್ನು ರಾತ್ರಿ ತಿಂದರೆ ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಾಲ್ಕು ಹೊತ್ತಿನ ರಕ್ತ ಸಿಕ್ಕರೆ ಈ ಏರಿಳಿತದ ಆಕಾರ ಕಾಣುತ್ತದೆ. ವರ್ಷವಿಡೀ ನಸುಕಿನಲ್ಲೇ ಎದ್ದು ಹಾಲು ಕರೆಯುವ, ಒಂದು ದಿನವೂ ರಜೆಯಿಲ್ಲದ ಹೆಂಗಸರಲ್ಲಿ ಆ ಆಕಾರ ಹೇಗಿರುತ್ತದೆ ಎಂಬುದು ಪ್ರಶ್ನೆ.

ರಕ್ತ ತೆಗೆಯುವುದು ನನ್ನ ಕೆಲಸವಲ್ಲ, ಬರೆಯುವುದು ನನ್ನ ಕೆಲಸ. ಇದಕ್ಕೆ ಬರುವ ಮುಂಚೆ ಮಂಡ್ಯದ ಒಂದು ದಿನಪತ್ರಿಕೆಯ ಕಚೇರಿಯಲ್ಲಿದ್ದೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲು ಬರೆದು ಮಿಕ್ಕಿದ್ದನ್ನು ಆಮೇಲೆ ಬರೆಯುವ ಅಭ್ಯಾಸ ಅಲ್ಲಿಯದು. ನಮ್ಮ ದಾಖಲೆ ಪುಸ್ತಕದಲ್ಲಿ ಹೆಂಗಸರಿಗೆ ಹೆಸರಿರಲಿಲ್ಲ, ನಂಬರಿತ್ತು. ಪ್ರತಿ ಸಾಲಿನ ಕೊನೆಗೆ ಎರಡು ಸಹಿ. ಒಂದು ರಕ್ತ ತೆಗೆದವರದು, ಇನ್ನೊಂದು ಪಕ್ಕದಲ್ಲಿ ನಿಂತು ನೋಡಿದವರದು.

ತೆಗೆಯುತ್ತಿದ್ದ ತಂತ್ರಜ್ಞೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳು, ಮನೆ ಮಳವಳ್ಳಿಯಲ್ಲಿ. ಹಿಂದೆ ಮದ್ದೂರಿನ ಒಂದು ಸಮೀಕ್ಷೆಯಲ್ಲಿ ಜೊತೆಗಿದ್ದೆವು. ಮೊದಲ ದಿನ ಟ್ಯೂಬಿಗೆ ರಕ್ತ ನುಗ್ಗುವುದನ್ನು ನೋಡಿ ನನಗೆ ಕಣ್ಣು ಕತ್ತಲೆ ಬಂದಾಗ, ಒಂದು ಕೈಯಲ್ಲಿ ಸೂಜಿ ಅಲುಗಾಡದಂತೆ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಗೋಡೆಗೆ ಒರಗಿಸಿದವಳು ಅವಳು. ಅವಳ ಕೈಗೆ ನರ ಸಿಗದ ತೋಳೇ ಇರಲಿಲ್ಲ.

ಒಪ್ಪಿಗೆ ಪಡೆಯುವ ಸಭೆ ಡೇರಿಯ ಜಗಲಿಯ ಮೇಲೆ ನಡೆಯಿತು. ನಾನು ನಾಲ್ಕು ಹೊತ್ತನ್ನೂ ಓದಿ ಹೇಳಿದೆ. ರಾತ್ರಿ ಎಂಟು ಎಂದಾಗ ಹಿಂದೆ ಕುಳಿತಿದ್ದವರಲ್ಲಿ ಗುಸುಗುಸು ಶುರುವಾಯಿತು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, "ನೀನು ಸಹಿ ಹಾಕಿಸ್ಕೋ, ಅದನ್ನ ನಾನು ನೋಡ್ಕೋತೀನಿ" ಎಂದಳು. ಏನು ನೋಡಿಕೊಳ್ಳುತ್ತೀಯ ಎಂದು ನಾನು ಕೇಳಲಿಲ್ಲ. ಆ ಗುಸುಗುಸು ನನ್ನ ಪುಸ್ತಕದಲ್ಲಿ ಇಲ್ಲ.

ಕೆಲಸ ವಾರಕ್ಕೆ ಎರಡು ದಿನ, ದಿನಕ್ಕೆ ಇಬ್ಬರು ಹೆಂಗಸರು. ಪ್ರತಿ ಸಲವೂ ಎರಡು ಟ್ಯೂಬು: ಬೂದು ಮುಚ್ಚಳದ್ದು ಸಕ್ಕರೆಗೆ, ಹಳದಿ ಮುಚ್ಚಳದ್ದು ಕಾರ್ಟಿಸಾಲ್ ಮತ್ತು ಕೊಬ್ಬಿಗೆ. ಹಳದಿಯದನ್ನು ಅರ್ಧ ಗಂಟೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ ತಿರುಗಿಸಬೇಕು. ಮೇಲೆ ನಿಲ್ಲುವ ತಿಳಿಯನ್ನು ಬೇರೆ ಶೀಶೆಗೆ ತೆಗೆದು ಐಸ್ ಪೆಟ್ಟಿಗೆಗೆ ಇಡಬೇಕು. ಯಂತ್ರವನ್ನು ಡೇರಿಯ ಒಳಕೋಣೆಯಲ್ಲಿ ಇಟ್ಟಿದ್ದೆವು, ಏಕೆಂದರೆ ಊರಿನಲ್ಲಿ ಕರೆಂಟು ನಂಬುವ ಹಾಗಿದ್ದುದು ಅಲ್ಲಿ ಮಾತ್ರ.

ಮೊದಲ ವಾರ ಹಾಳಾಯಿತು. ಆರು ಗಂಟೆಯ ರಕ್ತ ಖಾಲಿ ಹೊಟ್ಟೆಯದಾಗಿರಬೇಕು. ಎಲ್ಲರೂ ಐದಕ್ಕೇ ಹಾಲು ಸಕ್ಕರೆ ಹಾಕಿದ ಕಾಫಿ ಕುಡಿದಿದ್ದರು. ಕೇಳಿದರೆ, "ಕಾಪಿ ಕುಡೀದೆ ಕೆಚ್ಚಲ್ಗೆ ಕೈ ಆಕಾಕಾಯ್ತದಾ ಮೇಡಮ್ಮೋರೆ? ಅದೇನ್ ಊಟವಾ?" ಎಂದರು. ಎರಡನೇ ವಾರ ತಡವಾಯಿತೆಂದು ಟ್ಯೂಬುಗಳನ್ನು ಯಂತ್ರಕ್ಕೆ ಹಾಕದೇ ಒಯ್ದಿದ್ದೆ, ಬಸ್ಸಿನ ಕುಲುಕಾಟಕ್ಕೆ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ರಕ್ತಕಣ ಒಡೆದರೆ ಹಾಗಾಗುತ್ತದೆ, ಅದು ಪರೀಕ್ಷೆಗೆ ಬರುವುದಿಲ್ಲ. ಅಂದಿನಿಂದ ಊರಿನಲ್ಲೇ ತಿರುಗಿಸಿ, ತಿಳಿ ಬೇರೆ ಮಾಡಿಯೇ ಬಸ್ ಹತ್ತುವುದು ಎಂದು ತೀರ್ಮಾನಿಸಿದೆವು.

ಐಸ್ ಪೆಟ್ಟಿಗೆಯ ತಂಪು ಇಡೀ ದಿನ ನಿಲ್ಲುತ್ತಿರಲಿಲ್ಲ. ಹಾಗಾಗಿ ಬೆಳಗಿನ ಎರಡು ಸರದಿಯ ಶೀಶೆಗಳನ್ನು ತೆಗೆದುಕೊಂಡು ನಾನು ಹನ್ನೆರಡರ ಬಸ್ಸಿಗೆ ಮಂಡ್ಯಕ್ಕೆ ಹೊರಡುತ್ತಿದ್ದೆ. ಮಧ್ಯಾಹ್ನದ್ದು ಮತ್ತು ರಾತ್ರಿಯದು ಅಕ್ಕನ ಪಾಲು. ಡೇರಿಯ ಕಾರ್ಯದರ್ಶಿಯಿಂದ ಬೀಗದ ಕೈ ಪಡೆದು, ರಾತ್ರಿ ಎಂಟೂವರೆಗೆ ಯಂತ್ರ ತಿರುಗಿಸಿ, ಗಂಡನ ಸ್ಕೂಟರಿನಲ್ಲಿ ಮನೆಗೆ ಹೋಗುವುದು. ಮಾರನೇ ಬೆಳಿಗ್ಗೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಯನ್ನೂ ಪುಸ್ತಕವನ್ನೂ ನನಗೆ ಕೊಡುವುದು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಶೀಶೆ ಎಣಿಸಿ, ನೋಡಿದವರ ಸಹಿ ಎಂಬ ಜಾಗದಲ್ಲಿ ನಾಲ್ಕೂ ಹೊತ್ತಿನ ಸಾಲುಗಳಿಗೆ ಸಹಿ ಹಾಕುತ್ತಿದ್ದೆ. ಎರಡನ್ನು ಮಾತ್ರ ನೋಡಿದ್ದೆ.

ಏಳನೇ ನಂಬರಿನ ಹೆಂಗಸು ನಲವತ್ತರ ಆಸುಪಾಸಿನವರು. ಮಾತು ಕಡಿಮೆ. ಮಾತೆಲ್ಲ ಅವರ ಅತ್ತೆಯದು. ಬೆಳಿಗ್ಗೆ ನಾವು ಹೋದಾಗ ಆ ಮುದುಕಿ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು, "ಆಲು ಡೇರಿಗೆ, ರಗ್ತ ನಿಮ್ಗೆ. ನಮ್ಗೆ ಉಳಿಯಾದು ಸಗಣಿ ಒಂದೇಯಾ?" ಎಂದಿದ್ದರು. ಅಕ್ಕ ನಗುತ್ತಲೇ ಚುಚ್ಚಿ ಮುಗಿಸಿದ್ದಳು. ಅವಳಿಗೆ ಸೂಜಿ ಮೇಡಮ್ಮು, ನನಗೆ ಬರೆಯೋ ಮೇಡಮ್ಮು ಎಂದು ಹೆಸರಿಟ್ಟವರೂ ಅವರೇ.

ಮೂರು ತಿಂಗಳಾದ ಮೇಲೆ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಡಾಕ್ಟರು ಮಂಡ್ಯದ ಕಚೇರಿಯಲ್ಲಿ ಗೆರೆಗಳನ್ನು ಗೋಡೆಯ ಮೇಲೆ ಹರಡಿ ತೋರಿಸಿದರು. ಬೆಳಗಿನ ಏರಿಕೆ ಸರಿಯಾಗಿತ್ತು. ಮಧ್ಯಾಹ್ನದವರೆಗೆ ಇಳಿಕೆಯೂ ಸರಿ. ಎರಡು ಗಂಟೆಯಿಂದ ಎಂಟರವರೆಗೆ ಗೆರೆ ಇಳಿಯದೆ ಮಟ್ಟಸ ಮಲಗಿತ್ತು. ಒಬ್ಬರಲ್ಲ, ಎಲ್ಲರದೂ. ಸಕ್ಕರೆಯೂ ಹಾಗೇ, ಮಧ್ಯಾಹ್ನ ಊಟವಾದ ಮೇಲೆ ಎಷ್ಟಿತ್ತೋ ರಾತ್ರಿ ಊಟಕ್ಕೆ ಮುಂಚೆಯೂ ಅಷ್ಟೇ.

"ಇವರ ದೇಹದಲ್ಲಿ ಸಂಜೆಯೇ ಆಗ್ತಿಲ್ಲ" ಎಂದರು ಡಾಕ್ಟರು. ಅವರ ದನಿಯಲ್ಲಿದ್ದ ಉತ್ಸಾಹ ನನಗೂ ತಗುಲಿತು. ಸುದ್ದಿಮನೆಯಲ್ಲಿದ್ದವಳಿಗೆ ಒಂದು ಒಳ್ಳೆಯ ಶೀರ್ಷಿಕೆ ಕೇಳಿದರೆ ಗೊತ್ತಾಗುತ್ತದೆ. ಅನುಮಾನ ಬರಬೇಕಾಗಿದ್ದುದು ಅಲ್ಲೇ. ಬರಲಿಲ್ಲ.

ಏಳನೇ ನಂಬರಿನ ಗೆರೆ ಮಾತ್ರ ಮಧ್ಯಾಹ್ನ ಎರಡರಿಂದ ಬೇರೆಯವರದಕ್ಕಿಂತ ತುಂಬ ಮೇಲಿತ್ತು. ರಾತ್ರಿ ಎಂಟಕ್ಕೆ ಕಾರ್ಟಿಸಾಲ್ ಅಷ್ಟೊಂದು ಇದ್ದರೆ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೋ ತಲೆಯೊಳಗಿನ ಗ್ರಂಥಿಯಲ್ಲೋ ಗಡ್ಡೆ ಇರಬಹುದು, ಬಿಡುವ ಹಾಗಿಲ್ಲ ಎಂದರು ಡಾಕ್ಟರು. ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಪತ್ರ ಬರೆದರು. ದಾಖಲಾಗಿ, ಸ್ಕ್ಯಾನ್ ಮತ್ತಿತರ ಪರೀಕ್ಷೆ. ವಿಷಯವನ್ನು ಆ ಹೆಂಗಸಿಗೆ ಫೋನಿನಲ್ಲಿ ತಿಳಿಸಿದವಳು ನಾನು. ಗಡ್ಡೆ ಎಂಬ ಮಾತನ್ನು ಹೇಳಲಿಲ್ಲ, ಆದರೆ ಅವರು ತಾವಾಗಿಯೇ ಕೇಳಿದರು. "ಇರಬಹುದು, ನೋಡಬೇಕು" ಎಂದೆ. ಹಾಲು ಕರೆಯುವ ಹೊತ್ತಾಯಿತು ಎಂದು ಅವರು ಫೋನು ಇಟ್ಟರು.

ಆಸ್ಪತ್ರೆಯ ದಿನಾಂಕ ಸಿಗಲು ಹದಿನೈದು ದಿನ ಹಿಡಿಯಿತು. ಪತ್ರ ಕೊಡಲು ನಾನೇ ಹೋದೆ. ಕೊಟ್ಟಿಗೆಯಲ್ಲಿ ಅವರ ಮಗಳು ಹಾಲು ಕರೆಯಲು ಒದ್ದಾಡುತ್ತಿದ್ದಳು. ಏಳನೇ ನಂಬರಿನವರು ಪಕ್ಕದಲ್ಲಿ ಕೂತು, "ಎಳೀಬ್ಯಾಡ ಕಣೆ, ಒತ್ತು. ಅದ್ಕೇನ್ ನೋವಾಗಾಕಿಲ್ವಾ?" ಎನ್ನುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡರು. ಓದಲಿಲ್ಲ.

ಆಸ್ಪತ್ರೆಯವರು ಒಂದಿಷ್ಟು ಪ್ರಶ್ನೆ ಕಳಿಸಿದ್ದರು. ಜ್ವರ ಇತ್ತೇ, ಯಾವುದಾದರೂ ಮಾತ್ರೆ ನುಂಗುತ್ತಿದ್ದರೇ, ರಕ್ತ ತೆಗೆಯುವ ಮುಂಚೆ ಗಾಬರಿಯಾಗುವಂಥದ್ದೇನಾದರೂ ನಡೆದಿತ್ತೇ? ನಾನು ಒಂದೊಂದಾಗಿ ಕೇಳಿ ಬರೆದುಕೊಂಡೆ.

"ಅವತ್ತು ರಾತ್ರಿ ಎಂಟು ಗಂಟೆಗೆ ರಕ್ತ ಕೊಡೋ ಮುಂಚೆ ಏನ್ ಮಾಡ್ತಿದ್ರಿ ಅಮ್ಮ?"

"ರಾತ್ರಿ ಎಂಟ್ಕಾ? ಎಂಟ್ಕೆ ಎಲ್ ಕೊಟ್ಟೆ?"

"ನಾಲ್ಕನೇ ಸಲ ತೆಗೆದದ್ದು."

"ಮೂರ್ನೇದೂ ನಾಕ್ನೇದೂ ಒಂದೇ ಕಿತ ಅಲ್ವಾ ಮೇಡಮ್ಮೋರೆ ತಕ್ಕಂಡಿದ್ದು? ಮದ್ಯಾನ. ಅಸ ಕರ ಆಕ್ತಿತ್ತು, ಕರ ಅಡ್ಡ ಸಿಕ್ಕಾಕಂಡಿತ್ತು. ದನದ ಡಾಕ್ಟ್ರು ಇನ್ನೂ ಬಂದಿರ್ನಿಲ್ಲ. ಜೀವ ಬಾಯಿಗ್ ಬಂದಿತ್ತು ನಂಗೆ. ಸೂಜಿ ಮೇಡಮ್ಮು ಕೈ ತೊಳ್ಕಂಡ್ ಬಾ ಅಂದ್ರು. ಒಂದೇ ಕಡೆ ಚುಚ್ಚಿ ನಾಕ್ ಸೀಸೆ ತುಂಬ್ಕಂಡ್ರು."

ನಾನು ಬರೆಯುವುದನ್ನು ನಿಲ್ಲಿಸಿದೆ. ಮುದುಕಿ ಕಂಬದ ಹತ್ತಿರದಿಂದಲೇ ಮಾತು ತೆಗೆದರು.

"ದೀಪ ಅಚ್ಚುದ್ ಮ್ಯಾಲೆ ಮನೆಯಿಂದ ಮಜ್ಜಿಗೇನೇ ಆಚೆ ಕೊಡಾಕಿಲ್ಲ. ಉಪ್ಪು ಕೊಡಾಕಿಲ್ಲ, ಸೂಜಿ ಕೊಡಾಕಿಲ್ಲ. ರಗ್ತ ಕೊಟ್ಟಾರಾ ಯಾರಾರ? ಬೈಗಿನ ಆಲೂ ದೀಪಕ್ ಮುಂಚೇನೇ ಡೇರಿಗೋಗಾದು. ಅಂಗೇ ಇದೂವೆ ಅಂತ ಕೊಟ್ಟೋ."

"ಎಲ್ಲರ ಮನೇಲೂ ಹಾಗೇನಾ?"

"ಊರ್ಗೇ ಗೊತ್ತು ಕಣಮ್ಮ. ನಿಂಗೊಬ್ಳಿಗೆ ಗೊತ್ತಿರ್ನಿಲ್ವಾ?" ಎಂದು ಮುದುಕಿ ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಅವರಿಗೆ ಆಶ್ಚರ್ಯವಾಗಿತ್ತು.

ಒಬ್ಬರ ಮಾತನ್ನು ನಂಬಿ ಬರೆಯುವುದು ನನ್ನ ಅಭ್ಯಾಸವಲ್ಲ. ಡೇರಿಗೆ ನಡೆದೆ. ಕಾರ್ಯದರ್ಶಿ ಕ್ಯಾನುಗಳಿಗೆ ನೀರು ಹಾಯಿಸುತ್ತಿದ್ದರು. ರಾತ್ರಿ ಯಂತ್ರ ತಿರುಗಿಸಲು ಬೀಗದ ಕೈ ಕೊಡುತ್ತಿದ್ದಿರಲ್ಲ, ಎಷ್ಟು ಹೊತ್ತಿಗೆ ವಾಪಸ್ ಬರುತ್ತಿತ್ತು ಎಂದು ಸುಮ್ಮನೆ ವಿಚಾರಿಸುವಂತೆ ಕೇಳಿದೆ.

"ಬೀಗದ ಕೈಯಾ? ಆಯಮ್ಮ ಒಂದಿನಾನೂ ಕೇಳ್ನಿಲ್ಲ ಮೇಡಂ. ಮೂರ್ ಗಂಟೇಗೆಲ್ಲಾ ತಿರುಗಿಸ್ಕಂಡು ಓಯ್ತಿದ್ರು. ಏಳಕ್ಕೆ ನಾನ್ ಬೀಗ ಆಕಂಡ್ ಮನೆಗೋದ್ರೆ ಮುಗೀತು. ಯಾಕೆ, ಏನಾರ ಕಳದೋಗದಾ?"

"ಇಲ್ಲ" ಎಂದೆ. ಆಮೇಲೆ ಇನ್ನೆರಡು ಮನೆಗೆ ಹೋಗಿ ಕೇಳಿದೆ. ಉತ್ತರ ಒಂದೇ. ಒಂದು ಮನೆಯಾಕೆ, ಎರಡು ಸಲ ಚುಚ್ಚಿಸಿಕೊಳ್ಳುವುದು ತಪ್ಪಿತಲ್ಲ ಎಂದು ಅಕ್ಕನನ್ನು ಹೊಗಳಿದಳು.

ಮಾರನೇ ದಿನ ಅಕ್ಕನನ್ನು ಮಳವಳ್ಳಿ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಗೆ ಬರಹೇಳಿದೆ. ಪುಸ್ತಕ ತೆರೆದು ಎಂಟು ಗಂಟೆಯ ಸಾಲುಗಳನ್ನು ತೋರಿಸಿದೆ. ಅವಳು ಎಷ್ಟು ಎಚ್ಚರಿಕೆಯಿಂದ ಬರೆದಿದ್ದಳೆಂದರೆ ಒಂದೂ ಸರಿಯಾಗಿ ಎಂಟು ಇರಲಿಲ್ಲ. ಏಳು ಐವತ್ತಾರು, ಎಂಟು ಮೂರು, ಎಂಟು ಆರು. ನನ್ನನ್ನು ಹೆಚ್ಚು ನೋಯಿಸಿದ್ದು ಆ ಚಿಲ್ಲರೆ ನಿಮಿಷಗಳು.

"ಎಲ್ಲರದೂನಾ ಅಕ್ಕ?"

ಅವಳು ಪುಸ್ತಕ ನೋಡಲಿಲ್ಲ. "ಎಲ್ಲರದೂ. ಮೊದಲನೇ ದಿನ ಎಂಟು ಗಂಟೆಗೆ ಹೋಗಿದ್ದೆ ಕಣೆ. ಒಂದು ಮನೇಲಿ ಕೂರಿಸಿ ಊಟ ಹಾಕಿದ್ರು, ಕೈ ಮಾತ್ರ ಚಾಚಲಿಲ್ಲ. ಇನ್ನೊಂದು ಮನೇಲಿ, ನಾಳಿಂದ ಬರಲೇಬ್ಯಾಡಿ ಅಂದ್ರು. ಮಧ್ಯಾಹ್ನವೇ ತಕ್ಕೊಳ್ಳಿ ಅಂತ ಅವರೇ ಹೇಳಿದ ಮೇಲೆ ನಾನೇನು ಮಾಡ್ಲಿ?"

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಬರೀತಿದ್ದೆ. ಬರೆದ್ರೆ ಡಾಕ್ಟರು ಆ ಊರು ಬೇಡ, ಮದ್ದೂರು ಕಡೆ ನೋಡೋಣ ಅನ್ನೋರು. ಅಲ್ಲಿಗೆ ಬೇರೆ ಟೆಕ್ನೀಷಿಯನ್ ಇದ್ದಾನೆ. ನನ್ನ ಕೆಲಸ ಈ ತಾಲ್ಲೂಕಿಗೆ ಅಂತ ತಾನೆ ಇರೋದು?"

"ಆ ಹೆಂಗಸಿಗೆ ಗಡ್ಡೆ ಇದೆ ಅಂದ್ಕೊಂಡಿದ್ದಾರೆ. ಮಗಳಿಗೆ ಹಾಲು ಕರೆಯೋದು ಕಲಿಸ್ತಾ ಕೂತಿದ್ದಾರೆ."

ಅಕ್ಕ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತಳು. "ಮೈಸೂರಲ್ಲಿ ನೋಡಿ ಏನೂ ಇಲ್ಲ ಅಂತ ಕಳಿಸ್ತಾರೆ. ಯಾರಿಗೂ ಏನೂ ಆಗಲ್ಲ. ಬಿಟ್ಬುಡು. ನೀನು ನೋಡಿದ್ದೀನಿ ಅಂತ ಸಹಿ ಹಾಕಿದ್ದೀಯಲ್ಲ, ನಾನು ಏನಾದ್ರೂ ಅಂದ್ನಾ?"

ಅದು ಬೆದರಿಕೆಯೋ ಸಮಾಧಾನವೋ ನನಗೆ ಇಂದಿಗೂ ತಿಳಿಯದು. ಎದ್ದು ಟೀಗೆ ದುಡ್ಡು ಕೊಟ್ಟು ಬಸ್ ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಅಲ್ಲೇ ಕೂತಿದ್ದಳು.

ಮಂಡ್ಯ ತಲುಪುವವರೆಗೆ ಎರಡು ದಾರಿಗಳನ್ನು ತೂಗಿದೆ. ಅವಳು ಹೇಳಿದಂತೆ ಸುಮ್ಮನಿದ್ದರೆ ಏಳನೇ ನಂಬರಿನವರು ಆಸ್ಪತ್ರೆಗೆ ದಾಖಲಾಗುತ್ತಾರೆ, ಪರೀಕ್ಷೆಗಳನ್ನು ಅನುಭವಿಸಿ ಬರುತ್ತಾರೆ, ಎಲ್ಲ ಸರಿಯಿದೆ ಎಂಬ ಕಾಗದ ಸಿಗುತ್ತದೆ. ಉಳಿದ ಹೆಂಗಸರ ದೇಹದಲ್ಲಿ ಸಂಜೆಯಾಗುವುದಿಲ್ಲ ಎಂಬ ಸುಳ್ಳು ಮುಂದೆ ಎಲ್ಲೋ ಅಚ್ಚಾಗುತ್ತದೆ. ಬರೆದರೆ ಅಕ್ಕ ಹೋಗುತ್ತಾಳೆ, ಮೂರು ತಿಂಗಳ ದುಡಿಮೆಯೂ ಹೋಗುತ್ತದೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮಾರನೇ ದಿನ ತಿದ್ದುಪಡಿ ಹಾಕುತ್ತಿದ್ದೆವು, ಅದನ್ನು ತಪ್ಪು ಮಾಡಿದವರೇ ಬರೆಯಬೇಕಿತ್ತು. ಕಚೇರಿಯಲ್ಲಿ ಕೂತು ಬರೆದೆ: ರಾತ್ರಿ ಎಂಟರ ಮಾದರಿಗಳು ಆ ಹೊತ್ತಿನವಲ್ಲ, ಮಧ್ಯಾಹ್ನ ಎರಡರವು. ನೋಡಿದವರ ಸಹಿ ನನ್ನದು. ನಾನು ನೋಡಿರಲಿಲ್ಲ.

ಡಾಕ್ಟರು ಅದನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ, ಆಗಿದ್ದರೆ ಸುಲಭವಿತ್ತು.

"ಮೂರು ತಿಂಗಳು ನೀವಿಬ್ಬರೂ ನನಗೆ ಮಧ್ಯಾಹ್ನಾನೇ ರಾತ್ರಿ ಅಂತ ತೋರಿಸಿದ್ರಿ."

"ನನಗೆ ಗೊತ್ತಿರಲಿಲ್ಲ ಡಾಕ್ಟ್ರೇ."

"ಸಹಿ ಗೊತ್ತಿದ್ದವರು ಹಾಕೋದು" ಎಂದು ಕಾಗದವನ್ನು ಫೈಲಿಗೆ ಸೇರಿಸಿದರು. ಮೈಸೂರಿಗೆ ಫೋನು ಮಾಡಿ ದಾಖಲಾತಿಯನ್ನು ಒಂದು ವಾರ ಮುಂದೂಡಿಸಿದರು. ಅಷ್ಟರೊಳಗೆ ನಿಜವಾಗಿಯೂ ರಾತ್ರಿ ಎಂಟಕ್ಕೆ ತೆಗೆದ ರಕ್ತ ಬೇಕು, ಅದು ಇಳಿದಿದ್ದರೆ ಆಸ್ಪತ್ರೆ ಬೇಡ ಎಂದರು. ಅಕ್ಕನಿಗೆ ಅದೇ ಸಂಜೆ ಫೋನು ಹೋಯಿತು. ನನಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು.

ಏಳನೇ ನಂಬರಿನವರ ಮನೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಕೇಳಿದ್ದು ಒಂದೇ: "ಅಂಗಾರೆ ಗಡ್ಡೆ ಇಲ್ವಾ?" ಗೊತ್ತಿಲ್ಲ, ರಾತ್ರಿಯ ರಕ್ತ ನೋಡದೆ ಹೇಳಲಾಗದು ಎಂದೆ. ಅವರು ಅತ್ತೆಯ ಕಡೆ ನೋಡಿದರು. ಮುದುಕಿ ಮುಖ ತಿರುಗಿಸಿಕೊಂಡರು. ಡೇರಿಯ ಜಗಲಿಯಲ್ಲಾದರೆ ಆದೀತೇ ಎಂದು ಕೇಳಿದೆ. "ಮೈಯ್ಯೇನ್ ಡೇರಿದಾ? ಈ ಮನೇದಲ್ವಾ?" ಎಂದರು ಮುದುಕಿ.

ಸೊಸೆಯೇ ಮೆಲ್ಲಗೆ, "ಅವತ್ತೊಂದಿನ ದೀಪಾನೇ ತಡವಾಗಿ ಅಚ್ಚಿದ್ರಾಯ್ತದಲ್ವಾ ಅತ್ತೆ?" ಎಂದರು.

ಮುದುಕಿ ಎಲೆಯಡಿಕೆ ಚೀಲದ ದಾರ ಎಳೆಯುತ್ತಾ ಯೋಚಿಸಿದರು. "ಸುಕ್ರವಾರ ಬ್ಯಾಡ. ಬುಧವಾರ ಬರೇಳು. ಸೂಜಿ ಆಚಿಕ್ ಓಗಗಂಟ ನಾನ್ ಕಡ್ಡಿ ಗೀರಾಕಿಲ್ಲ."

ಇಷ್ಟು ಸರಳವಾದ ಉಪಾಯ ಇದ್ದೇ ಇತ್ತು. ಆ ಸಭೆಯ ದಿನ ಒಂದು ಪ್ರಶ್ನೆ ಕೇಳಿದ್ದರೆ ಸಿಗುತ್ತಿತ್ತು.

ಬುಧವಾರ ಮಂಡ್ಯದಿಂದ ಬೇರೆ ತಂತ್ರಜ್ಞನನ್ನು ಕರೆದುಕೊಂಡು ಹೋದೆ. ಮನೆಯೊಳಗೆ ಬಲ್ಬು ಉರಿಯುತ್ತಿತ್ತು, ದೇವರ ಗೂಡು ಕತ್ತಲಾಗಿತ್ತು. ಮುದುಕಿ ಬೆಂಕಿಪೊಟ್ಟಣ ಹಿಡಿದು ಅದರ ಮುಂದೆ ಕೂತಿದ್ದರು. ಅವನಿಗೆ ಮೊದಲ ಸಲಕ್ಕೆ ನರ ಸಿಗಲಿಲ್ಲ. "ಆಯಮ್ಮ ಆಗಿದ್ರೆ ಇಷ್ಟೊತ್ಗೆ ಮುಗ್ಸಿರಾಳು" ಎಂದರು ಮುದುಕಿ. ಎರಡನೇ ಸಲಕ್ಕೆ ಸಿಕ್ಕಿತು. ಎಂಟು ಗಂಟೆ ಏಳು ನಿಮಿಷ. ನಾವು ಟ್ಯೂಬು ಹಿಡಿದು ಹೊಸ್ತಿಲು ದಾಟಿದ ಮೇಲೆ ಒಳಗೆ ಕಡ್ಡಿ ಗೀರಿದ ಸದ್ದು ಕೇಳಿಸಿತು.

ಮೂರನೇ ದಿನ ಫಲಿತಾಂಶ ಬಂತು. ಕಾರ್ಟಿಸಾಲ್ ಇಳಿದಿತ್ತು. ರಾತ್ರಿ ಎಷ್ಟಿರಬೇಕೋ ಅಷ್ಟೇ ಇತ್ತು. ಅಂದಿನ ಮಧ್ಯಾಹ್ನದ ಏರಿಕೆ ಅಡ್ಡ ಸಿಕ್ಕಿಕೊಂಡ ಕರುವಿನ ಗಾಬರಿಯದು. ಡಾಕ್ಟರು ಆಸ್ಪತ್ರೆಯ ದಿನಾಂಕ ರದ್ದು ಮಾಡಿಸಿ ಕಾಗದಕ್ಕೆ ಸಹಿ ಹಾಕಿಕೊಟ್ಟರು.

ಅದನ್ನು ಕೊಡಲು ಹೋದಾಗ ಸಂಜೆ ಐದು ಗಂಟೆ. ಏಳನೇ ನಂಬರಿನವರು ಕೊಟ್ಟಿಗೆಯಲ್ಲಿದ್ದರು. ಏನೂ ಇಲ್ಲ, ಆಸ್ಪತ್ರೆ ಬೇಡ ಎಂದೆ. ಕಾಗದ ತೆಗೆದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಅಳಬಹುದು ಅಥವಾ ನಗಬಹುದು ಎಂದುಕೊಂಡಿದ್ದೆ.

"ಇಪ್ಪತ್ ದಿವ್ಸದಿಂದ ಮಗಳ ಮಕ ನೋಡ್ದಾಗೆಲ್ಲಾ, ಇವಳ್ನ ಯಾರ್ ನೋಡ್ಕತಾರೆ ಅಂತಾನೇ ಇದ್ದೆ" ಎಂದರು. ನನ್ನನ್ನು ನೋಡದೆ, ಹಸುವಿನ ಬೆನ್ನಿಗೆ ಹೇಳುವಂತೆ ಹೇಳಿದರು. ಆಮೇಲೆ, "ಸೂಜಿ ಮೇಡಮ್ಮು ಬರ್ನಿಲ್ವಾ?" ಎಂದು ಕೇಳಿದರು.

"ಅವರು ಕೆಲಸ ಬಿಟ್ಟರು."

"ಬುಟ್ರಾ, ಬುಡ್ಸುದ್ರಾ?"

"ಬಿಡಿಸಿದರು. ನಾನು ಬರೆದುಕೊಟ್ಟೆ."

ಅವರು ತಲೆಯಾಡಿಸಿದರು. "ಆಯಮ್ಮ ನಮ್ ಮಾತ್ಗೆ ಬೆಲೆ ಕೊಟ್ಟಿದ್ಲು" ಎಂದಷ್ಟೇ ಹೇಳಿ ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತರು. ಮೊದಲ ಧಾರೆ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ಇನ್ನೂ ನಿಂತಿದ್ದೆ. ಅವರು ತಿರುಗಿ ನೋಡದೆ, "ಪಕ್ಕಕ್ ಬನ್ನಿ ಮೇಡಮ್ಮೋರೆ, ಒಸಬ್ರು ನಿಂತಿದ್ರೆ ಆಲ್ ಇಳ್ಸಾಕಿಲ್ಲ ಅದು" ಎಂದರು.